ಯು-ಬೂಟ್‌ನಲ್ಲಿ ಪಿಂಗ್ ಆಗುತ್ತೆ, ಲಿನಕ್ಸ್‌ನಲ್ಲಿ ಆಗಲ್ಲ: ಮೈಕ್ರೋಬ್ಲೇಜ್ ನೆಟ್‌ವರ್ಕ್ ದೋಷ ಹುಡುಕುವ ಬಗೆ

ಬೋರ್ಡ್ ಬೂಟ್ ಆಗಿದೆ. ಸೀರಿಯಲ್ ಕನ್ಸೋಲ್‌ನಲ್ಲಿ ಲಾಗಿನ್ ಬಂದಿದೆ. ಕೇಬಲ್ ಹಾಕಿದ್ದೀರಿ, ಜ್ಯಾಕಿನ ದೀಪ ಮಿನುಗುತ್ತಿದೆ. ಕರ್ನಲ್ ಲಾಗ್‌ನಲ್ಲಿ "ಲಿಂಕ್ ಈಸ್ ಅಪ್" ಅಂತಲೂ ಬಂದಿದೆ. ಆದರೆ ಪಿಂಗ್ ಮಾಡಿದರೆ ಉತ್ತರವೇ ಇಲ್ಲ. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್) ಒಳಗೆ ಮೈಕ್ರೋಬ್ಲೇಜ್‌ನಂಥ ಸಾಫ್ಟ್ ಪ್ರೊಸೆಸರ್ ಕಟ್ಟಿಕೊಂಡು ಲಿನಕ್ಸ್ ಓಡಿಸುವವರು ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ.

ಆಗ ಮೊದಲು ಕೈ ಹೋಗುವುದು ಡ್ರೈವರ್ ಸೋರ್ಸ್‌ಗೆ. ಅಲ್ಲೊಂದು ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಾಲು ಬರೆಸುವ ಆದೇಶ), ಇಲ್ಲೊಂದು ಪ್ರಿಂಟ್‌ಕೆ ಹಾಕುತ್ತಾ ಕೂರುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮೈಕ್ರೋಬ್ಲೇಜ್ ಮುಖ್ಯ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2009ರಲ್ಲಿ, 2.6.30ರ ಜೊತೆ. ಅದರ ನೆಟ್‌ವರ್ಕ್ ಡ್ರೈವರ್‌ಗಳನ್ನು ಅಂದಿನಿಂದ ಎಷ್ಟೋ ಜನ ಓಡಿಸಿ, ತಿದ್ದಿ, ಮತ್ತೆ ಓಡಿಸಿದ್ದಾರೆ. ನಿಮ್ಮ ಹಾರ್ಡ್‌ವೇರ್ ಹುಟ್ಟಿದ್ದು ನಿನ್ನೆ ಸಂಜೆ, ನೀವು ಬಿಟ್‌ಸ್ಟ್ರೀಮ್ (ಎಫ್‌ಪಿಜಿಎಗೆ ತುಂಬುವ ಸರ್ಕ್ಯೂಟ್ ಫೈಲ್) ಮಾಡಿದಾಗ. ಇವೆರಡರಲ್ಲಿ ಮೊದಲು ಯಾವುದನ್ನು ಅನುಮಾನಿಸಬೇಕು ಅಂದರೆ, ನನ್ನ ಪ್ರಕಾರ ಹೊಸದನ್ನೇ. ಅದರಲ್ಲೂ ಹಾರ್ಡ್‌ವೇರ್ ಒಂದು ಹೇಳುತ್ತಾ, ಡಿವೈಸ್ ಟ್ರೀ (ಯಾವ ಹಾರ್ಡ್‌ವೇರ್ ಎಲ್ಲಿದೆ ಅಂತ ಲಿನಕ್ಸ್‌ಗೆ ತಿಳಿಸುವ ಫೈಲ್) ಇನ್ನೊಂದು ಹೇಳುತ್ತಾ ಇದೆಯಾ ಅಂತ ನೋಡಬೇಕು. ನಾನು ಕಂಡ ದೋಷಗಳಲ್ಲಿ ಜಾಸ್ತಿ ಅಲ್ಲೇ ಸಿಕ್ಕಿವೆ.

ನಾನು ಬಳಸುವುದು ಆರ್ಟಿ ಎ7 ಬೋರ್ಡ್. ಅದರಲ್ಲಿ ಆರ್ಟಿಕ್ಸ್-7 ಎಫ್‌ಪಿಜಿಎ, ಒಳಗೆ ಮೈಕ್ರೋಬ್ಲೇಜ್, ನೆಟ್‌ವರ್ಕ್‌ಗೆ ಎಎಕ್ಸ್‌ಐ ಈಥರ್ನೆಟ್‌ಲೈಟ್ ಅನ್ನುವ ಮ್ಯಾಕ್ (ಫ್ರೇಮ್ ಕಳಿಸುವ, ಪಡೆಯುವ ಬ್ಲಾಕ್), ಹೊರಗೆ ಡಿಪಿ83848ಜೆ ಅನ್ನುವ ಫೈ ಚಿಪ್ (ಕೇಬಲ್ಲಿನ ಸಿಗ್ನಲ್ ನೋಡಿಕೊಳ್ಳುವುದು). ಲಿನಕ್ಸ್ ಕಡೆ ಡ್ರೈವರ್ ಹೆಸರು ಇಮ್ಯಾಕ್‌ಲೈಟ್. ಮೈಕ್ರೋಬ್ಲೇಜ್ ಬದಲು ನಿಯೋಸ್ ಅಥವಾ ಲೈಟೆಕ್ಸ್ ಬಳಸುವವರಿಗೂ ಹುಡುಕುವ ಕ್ರಮ ಇದೇ.

ಮೊದಲು ಯು-ಬೂಟ್‌ನಲ್ಲೇ ಪಿಂಗ್ ಮಾಡಿ

ಯು-ಬೂಟ್ ಅಂದರೆ ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಲಿನಕ್ಸ್ ಬೂಟ್ ಆಗುವ ಮುಂಚೆ ಯು-ಬೂಟ್ ಪ್ರಾಂಪ್ಟ್‌ನಲ್ಲಿ ನಿಲ್ಲಿಸಿ. ಬೋರ್ಡ್‌ಗೆ ಒಂದು ಐಪಿ ಕೊಡಿ, ನಿಮ್ಮ ಪಿಸಿಗೆ ಪಿಂಗ್ ಮಾಡಿ. ಮಧ್ಯೆ ಸ್ವಿಚ್ ಬೇಡ, ಕೇಬಲ್ ನೇರವಾಗಿ ಪಿಸಿಗೇ ಇರಲಿ. ಪಿಸಿಯ ಫೈರ್‌ವಾಲ್ ಸ್ವಲ್ಪ ಹೊತ್ತು ಆಫ್ ಇರಲಿ.

ಇದಕ್ಕೆ ಎರಡು ನಿಮಿಷ ಸಾಕು, ಸಿಗುವ ಸುಳಿವು ಮಾತ್ರ ಬಹಳ ದೊಡ್ಡದು. ಯು-ಬೂಟ್‌ನ ಈಥರ್ನೆಟ್ ಡ್ರೈವರ್ ಇಂಟರಪ್ಟ್ (ಹಾರ್ಡ್‌ವೇರ್ ಪ್ರೊಸೆಸರನ್ನು ಕರೆಯುವ ಸಿಗ್ನಲ್) ಬಳಸುವುದೇ ಇಲ್ಲ. ಪ್ಯಾಕೆಟ್ ಬಂತಾ ಅಂತ ರಿಜಿಸ್ಟರನ್ನು ಮತ್ತೆ ಮತ್ತೆ ಓದಿ ನೋಡುತ್ತದೆ, ಅಷ್ಟೇ. ಹಾಗಾಗಿ ಅಲ್ಲಿ "ಹೋಸ್ಟ್ ಈಸ್ ಅಲೈವ್" ಬಂದರೆ ಕೇಬಲ್, ಫೈ, ಮ್ಯಾಕ್, ಬಸ್, ಕ್ಲಾಕ್ ಎಲ್ಲ ಸರಿ ಇವೆ ಅಂತಾಯಿತು. ಉಳಿಯುವುದು ಇಂಟರಪ್ಟ್ ಮತ್ತು ಲಿನಕ್ಸ್‌ಗೆ ಕೊಟ್ಟ ಡಿವೈಸ್ ಟ್ರೀ. ಅಲ್ಲೂ ಪಿಂಗ್ ಆಗದಿದ್ದರೆ ಲಿನಕ್ಸ್ ಡ್ರೈವರ್‌ನ ತಂಟೆಗೆ ಇನ್ನೂ ಹೋಗಬೇಡಿ. ಕೆಳಗಿನ 'ದೀಪ ಉರಿದರೆ ಸಾಲದು' ಭಾಗಕ್ಕೆ ಹೋಗಿ.

ಈಥ್0 ಕಾಣಿಸುವುದೇ ಇಲ್ಲ ಅಂದರೆ

ಈಥ್0 ಅಂದರೆ ಲಿನಕ್ಸ್ ಈ ನೆಟ್‌ವರ್ಕ್ ಪೋರ್ಟ್‌ಗೆ ಇಡುವ ಹೆಸರು. ಅದು ಕಾಣದಿರುವುದು ಇರುವುದರಲ್ಲಿ ಸುಲಭದ ದೋಷ. ಕರ್ನಲ್ ಕಾನ್ಫಿಗ್‌ನಲ್ಲಿ ಇಮ್ಯಾಕ್‌ಲೈಟ್ ಆಯ್ಕೆ ಆಗಿದೆಯಾ ನೋಡಿ. ಅದು ಮಾಡ್ಯೂಲ್ ಆಗಿದ್ದು ರೂಟ್‌ಎಫ್‌ಎಸ್‌ನಲ್ಲಿ ಮಾಡ್ಯೂಲ್ ಫೈಲೇ ಇಲ್ಲದಿದ್ದರೂ ಇದೇ ಲಕ್ಷಣ.

ನಂತರ ಸಿಸ್‌ಎಫ್‌ಎಸ್ ಒಳಗೆ ಪ್ಲಾಟ್‌ಫಾರ್ಮ್ ಬಸ್‌ನ ಡಿವೈಸ್ ಫೋಲ್ಡರ್‌ಗೆ ಹೋಗಿ. ಈಥರ್ನೆಟ್ ನೋಡ್ ಅಲ್ಲಿ ಇಲ್ಲ ಅಂದರೆ ಡಿವೈಸ್ ಟ್ರೀಯಲ್ಲೇ ಇಲ್ಲ, ಇಲ್ಲವೇ ಅದರ ಸ್ಟೇಟಸ್ "ಡಿಸೇಬಲ್ಡ್" ಆಗಿದೆ. ನೋಡ್ ಇದೆ, ಅದರೊಳಗೆ ಡ್ರೈವರ್ ಅನ್ನುವ ಲಿಂಕ್ ಮಾತ್ರ ಇಲ್ಲ ಅಂದರೆ ಎರಡು ಸಾಧ್ಯತೆ. ಕಂಪ್ಯಾಟಿಬಲ್ ಸಾಲಿನ ಹೆಸರು ಡ್ರೈವರ್‌ನ ಪಟ್ಟಿಗೆ ತಾಳೆಯಾಗುತ್ತಿಲ್ಲ, ಅಥವಾ ಪ್ರೋಬ್ (ಡ್ರೈವರ್ ಹಾರ್ಡ್‌ವೇರನ್ನು ಹಿಡಿದುಕೊಳ್ಳುವ ಮೊದಲ ಹೆಜ್ಜೆ) ಮಧ್ಯದಲ್ಲೇ ಸೋತಿದೆ. ಈ ಎರಡನೆಯದಕ್ಕೆ ಕರ್ನಲ್ ಲಾಗ್‌ನಲ್ಲಿ ಎರರ್ ಸಂಖ್ಯೆ ಇರುತ್ತದೆ. ಮೈನಸ್ 517 ಕಂಡರೆ ಗಾಬರಿ ಬೇಡ. ಅದು "ನನಗೆ ಬೇಕಾದ್ದು ಇನ್ನೂ ಬಂದಿಲ್ಲ, ಆಮೇಲೆ ಕರೆಯಿರಿ" ಅನ್ನುವ ಮಾತು. ಆದರೆ ಬೂಟ್ ಮುಗಿದ ಮೇಲೂ ಅದೇ ನಿಂತಿದ್ದರೆ, ಅದು ಕಾಯುತ್ತಿರುವ ಕ್ಲಾಕ್ ಅಥವಾ ಇಂಟರಪ್ಟ್ ಕಂಟ್ರೋಲರ್‌ನ ಡ್ರೈವರ್ ಇಲ್ಲವೇ ಇಲ್ಲ.

ವಿಳಾಸ ಸರಿಯಿದೆಯಾ ಅಂತ ನೋಡಲು ಒಂದು ಚೊಕ್ಕ ದಾರಿ ಇದೆ. ಈಥರ್ನೆಟ್‌ಲೈಟ್ ಒಳಗೆ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಮೆಮೊರಿಗೆ ಓದಿ ಬರೆಯುವ ಬ್ಲಾಕ್) ಇಲ್ಲ. ಕಳಿಸುವ ಪ್ಯಾಕೆಟ್‌ಗೆ 2 ಕೆಬಿ, ಬರುವ ಪ್ಯಾಕೆಟ್‌ಗೆ 2 ಕೆಬಿ ಜಾಗ ಎಫ್‌ಪಿಜಿಎ ಮೆಮೊರಿಯಲ್ಲೇ ಇರುತ್ತದೆ. ಪಿಂಗ್-ಪಾಂಗ್ ಆಯ್ಕೆ ಮಾಡಿದ್ದರೆ ಎರಡೆರಡು. ಬೇಸ್ ವಿಳಾಸದಲ್ಲೇ ಕಳಿಸುವ ಬಫರ್ ಶುರು. ಅದು ಸಾಮಾನ್ಯ ರ‍್ಯಾಮ್ ಇದ್ದ ಹಾಗೆ. ಹಾಗಾಗಿ ಈಥ್0 ಎಬ್ಬಿಸುವ ಮುಂಚೆ ಬಿಸಿಬಾಕ್ಸ್‌ನ ಡೆವ್‌ಮೆಮ್ ಬಳಸಿ ಅಲ್ಲಿಗೆ ಹೆಕ್ಸ್ 12345678 ಬರೆಯಿರಿ, ಮತ್ತೆ ಓದಿ. ಅದೇ ಬಂದರೆ ವಿಳಾಸ ಸರಿ. ಸೊನ್ನೆ ಬಂದರೆ, ಅಥವಾ ಬಸ್ ಎರರ್ ಬಂದರೆ, ಅಲ್ಲಿ ಈಥರ್ನೆಟ್ ಇಲ್ಲ. ಡಿಸೈನ್ ಕಟ್ಟುವ ಟೂಲ್ ಆದ ವಿವಾಡೋದ ಅಡ್ರೆಸ್ ಎಡಿಟರ್ ತೆರೆದು ನೋಡಿ.

ಡ್ರೈವರ್‌ನೊಳಗೆ ಅದೇ ಜಾಗ ಓದಿದಾಗ 78563412 ಬಂದರೆ ಅದು ಎಂಡಿಯನ್ (ಬೈಟ್‌ಗಳನ್ನು ಯಾವ ತುದಿಯಿಂದ ಜೋಡಿಸುವುದು ಅನ್ನುವ) ಗೊಂದಲ. ಹಳೆಯ ಪಿಎಲ್‌ಬಿ ಬಸ್‌ನ ಮೈಕ್ರೋಬ್ಲೇಜ್ ಬಿಗ್ ಎಂಡಿಯನ್, ಎಎಕ್ಸ್‌ಐ ಬಸ್‌ನದು ಲಿಟಲ್ ಎಂಡಿಯನ್. ಹಳೆಯ ಬೋರ್ಡ್‌ಗೆ ಬರೆದ ಡ್ರೈವರನ್ನು ಹಾಗೇ ಎತ್ತಿ ತಂದಾಗ ಇದು ಕಾಡುತ್ತದೆ.

ದೀಪ ಉರಿದರೆ ಸಾಲದು

ಜ್ಯಾಕಿನ ದೀಪವನ್ನು ನಂಬಿ ತುಂಬಾ ಜನ ದಾರಿ ತಪ್ಪುತ್ತಾರೆ. ಫೈ ಚಿಪ್‌ಗೆ ಪವರ್ ಮತ್ತು ಕ್ಲಾಕ್ ಇದ್ದು, ರಿಸೆಟ್ ಬಿಟ್ಟಿದ್ದರೆ ಸಾಕು, ಅದು ತಾನೇ ಎದುರಿನವನ ಜೊತೆ ಆಟೋ ನೆಗೋಶಿಯೇಶನ್ ಮಾಡಿ ದೀಪ ಹಚ್ಚುತ್ತದೆ. ಒಳಗೆ ಮ್ಯಾಕ್ ಇಲ್ಲದಿದ್ದರೂ ಹಚ್ಚುತ್ತದೆ, ಲಿನಕ್ಸ್ ಇಲ್ಲದಿದ್ದರೂ ಹಚ್ಚುತ್ತದೆ. ದೀಪ ಹೇಳುವುದು ಇಷ್ಟೇ: ಕೇಬಲ್ ಮತ್ತು ಫೈ ಸರಿ.

ದೀಪವೇ ಇಲ್ಲದಿದ್ದರೆ ಆರ್ಟಿ ಎ7ರಲ್ಲಿ ಮೊದಲು ನೋಡಬೇಕಾದ್ದು 25 ಮೆಗಾಹರ್ಟ್ಸ್ ಕ್ಲಾಕ್. ಈ ಬೋರ್ಡ್‌ನಲ್ಲಿ ಫೈ ಚಿಪ್‌ಗೆ ರೆಫರೆನ್ಸ್ ಕ್ಲಾಕ್ ಕೊಡಬೇಕಾದ್ದು ಎಫ್‌ಪಿಜಿಎ. ಅಂದರೆ ನಿಮ್ಮ ಡಿಸೈನ್‌ನ ಕ್ಲಾಕ್ ವಿಜಾರ್ಡ್‌ನಲ್ಲಿ 25 ಮೆಗಾಹರ್ಟ್ಸ್‌ನ ಒಂದು ಔಟ್‌ಪುಟ್ ಇರಬೇಕು, ಅದು ಸರಿಯಾದ ಪಿನ್‌ಗೆ ಹೋಗಿರಬೇಕು. ಬೇರೆ ಬೋರ್ಡ್‌ನಿಂದ ಡಿಸೈನ್ ತಂದವರು ಇದನ್ನು ಮರೆಯುತ್ತಾರೆ, ಯಾಕೆಂದರೆ ಎಷ್ಟೋ ಬೋರ್ಡ್‌ಗಳಲ್ಲಿ ಫೈ ಪಕ್ಕದಲ್ಲೇ ಅದರದೇ ಕ್ರಿಸ್ಟಲ್ ಇರುತ್ತದೆ. ಜೊತೆಗೆ ರಿಸೆಟ್ ಪಿನ್ ನೋಡಿ. ಅದು 0 ಆದಾಗ ರಿಸೆಟ್, 1 ಆದಾಗ ಕೆಲಸ. ತಿರುಗುಮುರುಗಾದರೆ ಚಿಪ್ ಸದಾ ನಿದ್ದೆಯಲ್ಲೇ.

ದೀಪ ಇದೆ, ಲಿನಕ್ಸ್‌ಗೆ ಫೈ ಸಿಗುತ್ತಿಲ್ಲ ಅಂದರೆ ಫೈ ಚಿಪ್‌ನ ರಿಜಿಸ್ಟರ್‌ಗಳನ್ನು ಓದಿ ಬರೆಯುವ ಎಂಡಿಐಒ ತಂತಿಯ ಕಡೆ ತಿರುಗಿ. ಫೈ ಚಿಪ್‌ನ 2ನೇ ರಿಜಿಸ್ಟರ್ ಓದಿದರೆ ಅದರ ಗುರುತಿನ ಮೊದಲ ಅರ್ಧ ಬರಬೇಕು. ಡಿಪಿ83848ರಲ್ಲಿ ಅದು ಹೆಕ್ಸ್ 2000. ಅದರ ಬದಲು ಎಲ್ಲ ಬಿಟ್ 1 ಬಂದರೆ ಯಾರೂ ಉತ್ತರಿಸುತ್ತಿಲ್ಲ, ತಂತಿಯನ್ನು ಪುಲ್-ಅಪ್ ಎತ್ತಿ ಹಿಡಿದಿದೆ. ಹೆಚ್ಚಾಗಿ ಇದು ತಪ್ಪು ಫೈ ವಿಳಾಸ. ಆರ್ಟಿಯಲ್ಲಿ ವಿಳಾಸ 1, ಡಿವೈಸ್ ಟ್ರೀಯಲ್ಲೂ 1 ಇರಬೇಕು. ಎಲ್ಲ ಬಿಟ್ 0 ಬಂದರೆ ತಂತಿಯನ್ನು ಯಾರೋ ಕೆಳಗೆ ಎಳೆದು ಹಿಡಿದಿದ್ದಾರೆ. ಎಂಡಿಐಒ ಎರಡೂ ದಿಕ್ಕಿನ ತಂತಿ. ಎಫ್‌ಪಿಜಿಎ ಮಾತು ಮುಗಿಸಿದ ಮೇಲೆ ತಂತಿಯನ್ನು ಬಿಟ್ಟುಕೊಡಬೇಕು. ಇನ್‌ಪುಟ್, ಔಟ್‌ಪುಟ್, ಟ್ರೈಸ್ಟೇಟ್ ಈ ಮೂರನ್ನೂ ಐಒ ಬಫರ್‌ಗೆ ಸರಿಯಾಗಿ ಸೇರಿಸದಿದ್ದರೆ ಬರೆಯುವುದು ಆಗುತ್ತೆ, ಓದುವುದು ಆಗಲ್ಲ.

ಇನ್ನೊಂದು ಸಣ್ಣ ವಿಷಯ. ಫೈನ 1ನೇ ರಿಜಿಸ್ಟರ್‌ನಲ್ಲಿರುವ ಲಿಂಕ್ ಬಿಟ್ ಒಮ್ಮೆ ಬಿದ್ದರೆ, ಓದುವ ತನಕ ಬಿದ್ದೇ ಇರುತ್ತದೆ. ಆದ್ದರಿಂದ ಎರಡು ಸಲ ಓದಿ, ಎರಡನೆಯದನ್ನು ನಂಬಿ.

ಲೈಟೆಕ್ಸ್ ಬಳಸುವವರಿಗೆ ಇಲ್ಲೊಂದು ಎಚ್ಚರಿಕೆ. 2021ರಲ್ಲಿ 5.15 ಕರ್ನಲ್‌ಗೆ ಬಂದ ಲೈಟ್‌ಈಥ್ ಡ್ರೈವರ್, ಈಥ್0 ಎದ್ದ ಕೂಡಲೇ ಕ್ಯಾರಿಯರ್ ಇದೆ ಅಂತ ತಾನೇ ಹೇಳಿಬಿಡುತ್ತದೆ, ಫೈಯನ್ನು ಕೇಳುವುದಿಲ್ಲ. ಅಲ್ಲಿ ಕೇಬಲ್ ಕಿತ್ತರೂ ಲಿಂಕ್ ಇದೆ ಅಂತಲೇ ಕಾಣುತ್ತದೆ. ಲಿನಕ್ಸ್ ಹೇಳುವ ಲಿಂಕ್‌ಗಿಂತ ಅಲ್ಲಿ ಜ್ಯಾಕಿನ ದೀಪವೇ ಹೆಚ್ಚು ನಂಬಿಕಸ್ಥ.

ನನಗೆ ಎರಡು ರಾತ್ರಿ ಹಿಡಿದ ದೋಷ

ಈಗ ಮೊದಲ ಸಾಲಿನ ಕಥೆಗೆ ಬರೋಣ. ಈಥ್0 ಇದೆ, ಲಿಂಕ್ 100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್, ಯು-ಬೂಟ್‌ನಲ್ಲಿ ಪಿಂಗ್ ಸಲೀಸು. ಲಿನಕ್ಸ್‌ನಲ್ಲಿ ಮಾತ್ರ ಮೌನ. ಹಿಂದಿನ ವಾರದ ತನಕ ಎಲ್ಲ ಸರಿಯಿತ್ತು. ನಡುವೆ ನಾನು ಮಾಡಿದ್ದು ಒಂದೇ ಬದಲಾವಣೆ: ಫ್ಲ್ಯಾಶ್ ಓದಲು ಒಂದು ಎಸ್‌ಪಿಐ ಬ್ಲಾಕ್ ಸೇರಿಸಿದ್ದು. ಎಸ್‌ಪಿಐಗೂ ನೆಟ್‌ವರ್ಕ್‌ಗೂ ಏನು ಸಂಬಂಧ ಅಂತ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಮೊದಲ ರಾತ್ರಿ ಪೂರ್ತಿ ಡ್ರೈವರ್ ಓದುವುದರಲ್ಲೇ ಹೋಯಿತು. ಎರಡನೇ ರಾತ್ರಿ ಪಿಸಿಯಲ್ಲಿ, ಬಂದು ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿದೆ. ಬೋರ್ಡ್‌ನಿಂದ ಎಆರ್‌ಪಿ ಪ್ರಶ್ನೆ ಬಂತು: "192.168.1.1 ಯಾರು?" ಪಿಸಿ ತಕ್ಷಣ ಉತ್ತರ ಕೊಟ್ಟಿತು. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಆಮೇಲೆ ಪ್ರಶ್ನೆಯೂ ನಿಂತಿತು. ಬೋರ್ಡ್ ಮಾತಾಡಿದೆ, ಕೇಳಿಸಿಕೊಳ್ಳುತ್ತಿಲ್ಲ.

ಬೋರ್ಡ್‌ನಲ್ಲಿ ಐಎಫ್‌ಕಾನ್ಫಿಗ್ ನೋಡಿದರೆ ಇನ್ನೊಂದು ವಿಚಿತ್ರ. ಬಂದ ಪ್ಯಾಕೆಟ್ 0. ಅದು ನಿರೀಕ್ಷಿತವೇ. ಆದರೆ ಕಳಿಸಿದ ಪ್ಯಾಕೆಟ್ ಕೂಡ 0, ಕಳಿಸಿದ ಬೈಟ್ ಮಾತ್ರ ಏರಿದೆ! 42, 84. ಪ್ರತಿ ಸಲ 42. ಒಂದು ಎಆರ್‌ಪಿ ಪ್ಯಾಕೆಟ್ ಅಂದರೆ 14 ಬೈಟ್ ಈಥರ್ನೆಟ್ ಹೆಡರ್, 28 ಬೈಟ್ ಎಆರ್‌ಪಿ, ಒಟ್ಟು 42. ಪ್ಯಾಕೆಟ್ ಹೋಗದೆ ಬೈಟ್ ಹೇಗೆ ಹೋಯಿತು?

ಉತ್ತರ ಡ್ರೈವರ್‌ನಲ್ಲೇ ಇದೆ. ಇಮ್ಯಾಕ್‌ಲೈಟ್ ಡ್ರೈವರ್ ಬಫರ್‌ಗೆ ಪ್ಯಾಕೆಟ್ ತುಂಬಿದ ಕೂಡಲೇ ಬೈಟ್ ಲೆಕ್ಕ ಏರಿಸುತ್ತದೆ. ಪ್ಯಾಕೆಟ್ ಲೆಕ್ಕ ಏರಿಸುವುದು "ಕಳಿಸಿ ಮುಗಿಯಿತು" ಅನ್ನುವ ಇಂಟರಪ್ಟ್ ಬಂದ ಮೇಲೆ. ಬಫರ್ ಖಾಲಿ ಇದ್ದರೆ ಕಳಿಸಲು ಇಂಟರಪ್ಟ್ ಬೇಕಾಗಿಲ್ಲ, ಪಿಂಗ್-ಪಾಂಗ್‌ನ ಎರಡೂ ಬಫರ್ ಬಳಸಿದ ಮೇಲೆ ಬೇಕು. ಬಂದದ್ದನ್ನು ಎತ್ತಿಕೊಳ್ಳಲು ಬೇಕೇ ಬೇಕು. ಹಾಗಾಗಿ ಬೈಟ್ ಏರಿದ್ದೂ ಪ್ಯಾಕೆಟ್ 0 ಆಗಿಯೇ ನಿಂತಿದ್ದರೆ, ಇಂಟರಪ್ಟ್ ಪ್ರೊಸೆಸರ್‌ಗೆ ತಲುಪುತ್ತಿಲ್ಲ ಅಂತಲೇ ಅರ್ಥ. ಪ್ರಾಕ್ ಒಳಗಿನ ಇಂಟರಪ್ಟ್ಸ್ ಫೈಲ್ ತೆರೆದೆ. ಟೈಮರ್ ಸಾಲು ಓಡುತ್ತಿತ್ತು, ಸೀರಿಯಲ್ ಸಾಲು ಏರುತ್ತಿತ್ತು, ಈಥ್0 ಸಾಲಿನಲ್ಲಿ 0.

ಇಂಟರಪ್ಟ್ ಹುಟ್ಟುತ್ತಲೇ ಇಲ್ಲವೋ, ಹುಟ್ಟಿ ಬೇರೆ ಕಡೆ ಹೋಗುತ್ತಿದೆಯೋ? ಇಂಟರಪ್ಟ್ ಕಂಟ್ರೋಲರ್‌ನ ಮೊದಲ ರಿಜಿಸ್ಟರ್, ಅಂದರೆ ಬೇಸ್ ವಿಳಾಸದಲ್ಲೇ ಇರುವ ಸ್ಟೇಟಸ್ ರಿಜಿಸ್ಟರ್, ಇದನ್ನು ಹೇಳುತ್ತದೆ. ಯಾವ ಇಂಟರಪ್ಟ್ ಎನೇಬಲ್ ಆಗಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರು ಕೈ ಎತ್ತಿದ್ದಾರೆ ಅಂತ ತೋರಿಸುತ್ತದೆ, ಅಷ್ಟೇ. ಡೆವ್‌ಮೆಮ್‌ನಲ್ಲಿ ಓದಿದೆ. 8 ಬಂತು. 8 ಅಂದರೆ ಸೊನ್ನೆಯಿಂದ ಎಣಿಸಿದರೆ 3ನೇ ಬಿಟ್. ಡಿವೈಸ್ ಟ್ರೀಯಲ್ಲಿ ಈಥರ್ನೆಟ್‌ಗೆ ಬರೆದಿದ್ದ ಸಂಖ್ಯೆ 2.

ಆಗ ಎಲ್ಲ ಅರ್ಥವಾಯಿತು. ಮೈಕ್ರೋಬ್ಲೇಜ್ ಡಿಸೈನ್‌ನಲ್ಲಿ ಎಲ್ಲ ಇಂಟರಪ್ಟ್ ತಂತಿಗಳೂ ಕಾನ್‌ಕ್ಯಾಟ್ ಬ್ಲಾಕ್ ಮೂಲಕ ಕಂಟ್ರೋಲರ್‌ಗೆ ಹೋಗುತ್ತವೆ. ಯಾವ ತಂತಿ ಎಷ್ಟನೇ ಕಿಂಡಿಯಲ್ಲಿದೆಯೋ ಅದೇ ಅದರ ಸಂಖ್ಯೆ. ಮೊದಲು 0 ಟೈಮರ್, 1 ಸೀರಿಯಲ್, 2 ಈಥರ್ನೆಟ್ ಇತ್ತು. ಎಸ್‌ಪಿಐ ಸೇರಿಸುವಾಗ ಅದನ್ನು 2ಕ್ಕೆ ಹಾಕಿ ಈಥರ್ನೆಟನ್ನು 3ಕ್ಕೆ ಸರಿಸಿದ್ದೆ. ಬಿಟ್‌ಸ್ಟ್ರೀಮ್ ಹೊಸದು, ಲಿನಕ್ಸ್‌ಗೆ ಕೊಟ್ಟಿದ್ದ ಡಿವೈಸ್ ಟ್ರೀ ಹಳೆಯದು. ಟೈಮರ್ ಮತ್ತು ಸೀರಿಯಲ್ ತಮ್ಮ ಜಾಗದಲ್ಲೇ ಇದ್ದಿದ್ದರಿಂದ ಬೂಟ್ ಅಚ್ಚುಕಟ್ಟಾಗಿ ಆಗುತ್ತಿತ್ತು, ಅನುಮಾನ ಬರಲು ಕಾರಣವೇ ಇರಲಿಲ್ಲ. ಲಿನಕ್ಸ್ 2ನೇ ಬಾಗಿಲಲ್ಲಿ ಕಾಯುತ್ತಿತ್ತು, ಈಥರ್ನೆಟ್ 3ನೇ ಬಾಗಿಲು ಬಡಿಯುತ್ತಿತ್ತು.

ಸಂಖ್ಯೆ ಬದಲಿಸುವಾಗ ಇನ್ನೊಂದನ್ನೂ ಬದಲಿಸಬೇಕು. ಇಂಟರಪ್ಟ್ ಕಂಟ್ರೋಲರ್ ನೋಡ್‌ನಲ್ಲಿ "ಕೈಂಡ್ ಆಫ್ ಇಂಟರ್" ಅನ್ನುವ ಒಂದು ಮಾಸ್ಕ್ ಇರುತ್ತದೆ. ಯಾವ ಬಿಟ್ 1 ಇದೆಯೋ ಆ ತಂತಿ ಎಡ್ಜ್ (ಸಿಗ್ನಲ್ ಬದಲಾದ ಕ್ಷಣ ಲೆಕ್ಕಕ್ಕೆ), 0 ಇದ್ದರೆ ಲೆವೆಲ್ (ಸಿಗ್ನಲ್ ಇರುವ ತನಕ ಲೆಕ್ಕಕ್ಕೆ). ಈಥರ್ನೆಟ್‌ಲೈಟ್ ಕೊಡುವುದು ಎಡ್ಜ್ ಇಂಟರಪ್ಟ್. ತಂತಿ ಸರಿದರೆ ಮಾಸ್ಕ್‌ನ ಬಿಟ್ ಕೂಡ ಸರಿಯಬೇಕು. ಇದನ್ನೆಲ್ಲ ಕೈಯಿಂದ ತಿದ್ದುವ ಬದಲು ಹೊಸ ಹಾರ್ಡ್‌ವೇರ್ ಎಕ್ಸ್‌ಪೋರ್ಟ್‌ನಿಂದ ಡಿವೈಸ್ ಟ್ರೀಯನ್ನು ಮತ್ತೆ ಹುಟ್ಟಿಸುವುದೇ ಒಳ್ಳೆಯದು. ನಾನು ಹಾಗೇ ಮಾಡಿದೆ. ಮುಂದಿನ ಬೂಟ್‌ನಲ್ಲಿ ಮೊದಲ ಪಿಂಗ್‌ಗೇ ಉತ್ತರ ಬಂತು.

ಸ್ವಂತ ಮ್ಯಾಕ್‌ಗೆ ಹೊಸ ಡ್ರೈವರ್ ಬರೆಯುತ್ತಿದ್ದರೆ

ಆಗ ಡ್ರೈವರ್ ಮೇಲೂ ಅನುಮಾನ ಪಡಲೇಬೇಕು. ನಾನು ಮತ್ತೆ ಮತ್ತೆ ನೋಡಿದ ದೋಷಗಳನ್ನು ಲಕ್ಷಣದ ಜೊತೆ ಹೇಳುತ್ತೇನೆ.

ಎಆರ್‌ಪಿ ಹೋಗಲ್ಲ, ಎರಡೂ ಕಡೆ ಕೈಯಿಂದ ಎಆರ್‌ಪಿ ಬರೆದಿಟ್ಟರೆ ಪಿಂಗ್ ಆಗುತ್ತೆ. ಇದು ಪ್ಯಾಡಿಂಗ್ ದೋಷ. ಈಥರ್ನೆಟ್ ಫ್ರೇಮ್ ಕೊನೆಯ 4 ಬೈಟ್ ಸಿಆರ್‌ಸಿ ಬಿಟ್ಟು ಕನಿಷ್ಠ 60 ಬೈಟ್ ಇರಬೇಕು. ಎಆರ್‌ಪಿ 42 ಮಾತ್ರ. ಮಾಮೂಲಿ ಪಿಂಗ್ 98. ನಿಮ್ಮ ಮ್ಯಾಕ್ ತಾನೇ ಸೊನ್ನೆ ತುಂಬದಿದ್ದರೆ, ಕಳಿಸುವ ಫಂಕ್ಷನ್‌ನಲ್ಲಿ ನೀವೇ 60ಕ್ಕೆ ತುಂಬಿಸಬೇಕು. ಇಲ್ಲದಿದ್ದರೆ ಎದುರಿನ ಕಾರ್ಡ್ ಚಿಕ್ಕ ಫ್ರೇಮನ್ನು ಸದ್ದಿಲ್ಲದೆ ಎಸೆಯುತ್ತದೆ. ಟಿಸಿಪಿಡಂಪ್‌ನಲ್ಲೂ ಕಾಣುವುದಿಲ್ಲ.

ಸರಿಯಾಗಿ ಇಷ್ಟೇ ಪ್ಯಾಕೆಟ್ ಹೋಗಿ ನಿಲ್ಲುತ್ತದೆ, ಪ್ರತಿ ಸಲ ಅಷ್ಟೇ. ಆ ಸಂಖ್ಯೆಯನ್ನು ನಿಮ್ಮ ಡಿಎಂಎ ರಿಂಗ್‌ನ (ಡಿಸ್ಕ್ರಿಪ್ಟರ್ ಅನ್ನುವ ಬಫರ್ ಚೀಟಿಗಳ ಸುತ್ತು ಪಟ್ಟಿಯ) ಉದ್ದಕ್ಕೆ ಹೋಲಿಸಿ. ಎರಡೂ ಒಂದೇ ಆದರೆ ಬಳಸಿದ ಡಿಸ್ಕ್ರಿಪ್ಟರ್‌ಗಳನ್ನು ವಾಪಸ್ ಕೊಡುತ್ತಿಲ್ಲ. ರಿಂಗ್ ಒಂದು ಸುತ್ತು ಮುಗಿಸಿ ತುಂಬಿಕೊಂಡಿದೆ.

ಪ್ಯಾಕೆಟ್ ಬರುತ್ತೆ, ಒಳಗಿನ ಬೈಟ್ ಹಳೆಯದು. ಇದು ಕ್ಯಾಶ್. ಮೈಕ್ರೋಬ್ಲೇಜ್‌ನ ಡೇಟಾ ಕ್ಯಾಶ್‌ಗೆ ಡಿಎಂಎ ಏನು ಬರೆಯಿತು ಅಂತ ಗೊತ್ತಾಗುವುದಿಲ್ಲ. ಲಿನಕ್ಸ್‌ನ ಡಿಎಂಎ ಮ್ಯಾಪ್ ಮತ್ತು ಅನ್‌ಮ್ಯಾಪ್ ಫಂಕ್ಷನ್‌ಗಳು ಕ್ಯಾಶ್ ಫ್ಲಶ್ ಮಾಡುತ್ತವೆ, ಅವನ್ನು ಬಿಟ್ಟು ಅಡ್ಡದಾರಿ ಹಿಡಿದರೆ ಹೀಗಾಗುತ್ತದೆ. ಡಿಸ್ಕ್ರಿಪ್ಟರ್ ಪೂರ್ತಿ ಬರೆದು, ಬ್ಯಾರಿಯರ್ ಹಾಕಿ, ಆಮೇಲೆ ಟೇಲ್ ಪಾಯಿಂಟರ್ ಮುಟ್ಟಿ. ಈ ಕ್ರಮ ತಪ್ಪಿದರೆ ದೋಷ ನೂರಕ್ಕೆ ಒಂದು ಸಲ ಮಾತ್ರ ಬರುತ್ತದೆ, ಹಿಡಿಯುವುದು ತುಂಬಾ ಕಷ್ಟ.

ಎಲ್ಲ ಸರಿ, ವೇಗ ಮಾತ್ರ ತೀರಾ ಕಡಿಮೆ. ಈಥರ್ನೆಟ್ ಹೆಡರ್ 14 ಬೈಟ್ ಇರುವುದರಿಂದ ಅದರ ಹಿಂದಿನ ಐಪಿ ಹೆಡರ್ 4ರ ಗಡಿಯಲ್ಲಿ ಕೂರುವುದಿಲ್ಲ. ಮೈಕ್ರೋಬ್ಲೇಜ್‌ನಲ್ಲಿ ಅಂಥ ಪ್ರತಿ ಓದಿಗೂ ಎಕ್ಸೆಪ್ಶನ್ ಆಗಿ ಕರ್ನಲ್ ಅದನ್ನು ಸಾಫ್ಟ್‌ವೇರ್‌ನಲ್ಲಿ ಸರಿಪಡಿಸುತ್ತಾ ಕೂರಬಹುದು. ಬಫರ್‌ನ ಮುಂದೆ 2 ಬೈಟ್ ಜಾಗ ಬಿಡಿ, ಐಪಿ ಹೆಡರ್ ಗಡಿಗೆ ಬರುತ್ತದೆ.

ಪ್ರೋಬ್‌ನಲ್ಲಿ ನೆಟ್‌ಡಿವೈಸ್ ರಿಜಿಸ್ಟರ್ ಮಾಡುವುದು ಕೊನೆಯ ಕೆಲಸ ಆಗಿರಲಿ. ಅದು ಆದ ಮರುಕ್ಷಣವೇ ಯಾರಾದರೂ ಈಥ್0 ಎಬ್ಬಿಸಬಹುದು. ಆಗ ನಿಮ್ಮ ಇಂಟರಪ್ಟ್ ಸಂಖ್ಯೆಯೋ ಫೈ ಹ್ಯಾಂಡಲ್ಲೋ ಇನ್ನೂ ತುಂಬಿರದಿದ್ದರೆ ಕರ್ನಲ್ ಬೀಳುತ್ತದೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಡುತ್ತೆ

ಬೋರ್ಡ್ ತಣ್ಣಗಿದ್ದಾಗ ಪಿಂಗ್ ಆಗಿ, ಅರ್ಧ ಗಂಟೆ ಬಿಟ್ಟು ಪ್ಯಾಕೆಟ್ ಬೀಳತೊಡಗಿದರೆ ಟೈಮಿಂಗ್ ರಿಪೋರ್ಟ್ ತೆರೆಯಿರಿ. ಸ್ಲ್ಯಾಕ್ (ಸಿಗ್ನಲ್ ತಲುಪಿದ ಮೇಲೆ ಉಳಿಯುವ ಸಮಯ) ಮೈನಸ್ ಇದ್ದರೆ ಬೇರೇನೂ ನೋಡಬೇಡಿ, ಅದನ್ನು ಮೊದಲು ಸರಿ ಮಾಡಿ. ಸ್ಲ್ಯಾಕ್ ಸರಿ ಕಂಡರೂ ಬರುವ ದಾರಿಯ ಕ್ಲಾಕ್‌ಗೆ ಕನ್‌ಸ್ಟ್ರೇಂಟ್ ಬರೆದಿದ್ದೀರಾ ನೋಡಿ. ಮ್ಯಾಕ್ ಮತ್ತು ಫೈ ನಡುವಿನ ಎಂಐಐ ತಂತಿಗಳಲ್ಲಿ ಆ 25 ಮೆಗಾಹರ್ಟ್ಸ್ ಫೈ ಕಡೆಯಿಂದ ಬರುತ್ತದೆ, ನಿಮ್ಮ ಸಿಸ್ಟಂ ಕ್ಲಾಕ್‌ಗೂ ಅದಕ್ಕೂ ನಂಟಿಲ್ಲ. ಕನ್‌ಸ್ಟ್ರೇಂಟ್ ಇಲ್ಲದ ದಾರಿಯನ್ನು ರಿಪೋರ್ಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡು ಬೋರ್ಡ್ ಒಂದೇ ಸ್ವಿಚ್‌ನಲ್ಲಿ ಹಾಕಿದಾಗ ಮಾತ್ರ ಕೆಟ್ಟರೆ ಮ್ಯಾಕ್ ವಿಳಾಸ ಒಂದೇ ಇದೆ. ಟೂಲ್ ಹುಟ್ಟಿಸಿದ ಡಿವೈಸ್ ಟ್ರೀಯನ್ನು ಹಾಗೇ ಎರಡೂ ಬೋರ್ಡ್‌ಗೆ ಹಾಕಿದ್ದೀರಿ. ಬದಲಿಸುವಾಗ ಮೊದಲ ಬೈಟ್ ಬೆಸ ಸಂಖ್ಯೆ ಆಗದಂತೆ ನೋಡಿಕೊಳ್ಳಿ. ಬೆಸ ಆದರೆ ಅದು ಮಲ್ಟಿಕಾಸ್ಟ್ ವಿಳಾಸ.

ಬಿಟ್‌ಸ್ಟ್ರೀಮ್‌ಗೂ ಡಿವೈಸ್ ಟ್ರೀಗೂ ಒಂದೇ ಗುರುತು

ಆ ಎರಡು ರಾತ್ರಿಯ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡೆ. 7 ಸರಣಿಯ ಎಫ್‌ಪಿಜಿಎಗಳಲ್ಲಿ ಯೂಸರ್ ಆಕ್ಸೆಸ್ ಅನ್ನುವ 32 ಬಿಟ್ ರಿಜಿಸ್ಟರ್ ಇದೆ. ಬಿಟ್‌ಸ್ಟ್ರೀಮ್ ಆಯ್ಕೆಗಳಲ್ಲಿ ಅದಕ್ಕೆ ಟೈಮ್‌ಸ್ಟ್ಯಾಂಪ್ ಅಂತ ಕೊಟ್ಟರೆ, ಬಿಟ್‌ಸ್ಟ್ರೀಮ್ ಹುಟ್ಟಿದ ಹೊತ್ತು ಅದರೊಳಗೇ ಕೂರುತ್ತದೆ. ಅದನ್ನು ಒಂದು ಜಿಪಿಐಒ ಬ್ಲಾಕ್‌ನ ಇನ್‌ಪುಟ್‌ಗೆ ಸೇರಿಸಿದರೆ ಲಿನಕ್ಸ್‌ನಿಂದ ಓದಬಹುದು. ಡಿವೈಸ್ ಟ್ರೀ ಹುಟ್ಟಿಸುವ ಸ್ಕ್ರಿಪ್ಟ್ ಅದೇ ಸಂಖ್ಯೆಯನ್ನು ರೂಟ್ ನೋಡ್‌ನಲ್ಲಿ ಒಂದು ಪ್ರಾಪರ್ಟಿಯಾಗಿ ಬರೆಯುತ್ತದೆ. ಜಿಪಿಐಒ ವಿಳಾಸವನ್ನು ಮಾತ್ರ ಎಂದೂ ಬದಲಿಸುವುದಿಲ್ಲ.

ಬೂಟ್ ಆದಾಗ ಇನಿಟ್ ಸ್ಕ್ರಿಪ್ಟ್ ಎರಡನ್ನೂ ಓದಿ ಹೋಲಿಸುತ್ತದೆ. ತಾಳೆಯಾದರೆ ಈಥ್0 ಏಳುತ್ತದೆ. ಆಗದಿದ್ದರೆ ಎರಡೂ ಸಂಖ್ಯೆಯನ್ನು ಕನ್ಸೋಲ್‌ನಲ್ಲಿ ತೋರಿಸಿ ಅಲ್ಲೇ ನಿಲ್ಲುತ್ತದೆ.